ಆರನೆಯ ಎಸಳು

ಗಿರಿಜಾಂಬಾ ಟೀಚರ್ ನಿವೃತ್ತರಾಗಲು ಇನ್ನು ಒಂದೂವರೆ ತಿಂಗಳಿತ್ತು. ಎರಡು ಸಾವಿರದ ನಾಲ್ಕನೆಯ ಇಸವಿಯ ಫೆಬ್ರವರಿ. ಶನಿವಾರದ ಬೆಳಗಿನ ತರಗತಿ ಮುಗಿದು ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಇಪ್ಪತ್ತೆರಡು ವರ್ಷ ತಮ್ಮ ವಶದಲ್ಲಿದ್ದ ಬೀರುವನ್ನು ಮುಂದಿನವರಿಗೆ ಚೊಕ್ಕವಾಗಿ ಒಪ್ಪಿಸಬೇಕೆಂದು ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕುಳಿತರು. ಗೋಣಿಬೀಡಿನಿಂದ ಎರಡು ಮೈಲಿ ಒಳಗೆ, ಕಾಫಿ ತೋಟಗಳ ನಡುವೆ ಇದ್ದ ಆ ಶಾಲೆಯಲ್ಲಿ ಅವರ ಬೀರುವಿನಷ್ಟು ಶಿಸ್ತಾದ ಬೀರು ಬೇರೊಂದಿರಲಿಲ್ಲ. ಅದರ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು.

ಕೆಳಗಿನ ಖಾನೆಯಲ್ಲಿ, ಭೂಪಟಗಳ ಸುರುಳಿಗಳ ಹಿಂದೆ, ಒಂದು ಪ್ಲಾಸ್ಟಿಕ್ ಲಕೋಟೆ ಸಿಕ್ಕಿತು. ಅದಕ್ಕೆ ಅಂಟಿಸಿದ್ದ ಚೀಟಿಯ ಮೇಲೆ ಅವರದೇ ದುಂಡಗಿನ ಕೆಂಪು ಅಕ್ಷರಗಳು: ‘ಮಾಡಬಾರದ್ದಕ್ಕೆ ಮಾದರಿ.’

ಒಳಗಿರುವುದೇನೆಂದು ಅವರಿಗೆ ಗೊತ್ತಿತ್ತು. ಹೊಸ ವರ್ಷದ ಒಂದು ಶುಭಾಶಯ ಪತ್ರ; ಮುಖಪುಟದ ಮೇಲೆ ರಟ್ಟನ್ನು ಕತ್ತರಿಸಿ, ಒಂದರ ಮೇಲೊಂದು ಪದರವಾಗಿ ಕೂರಿಸಿದ ಕಾಫಿ ಹೂವಿನ ಗೊಂಚಲು. ಅದನ್ನು ತಂದ ಹುಡುಗಿಯನ್ನು ಏಳು ವರ್ಷಗಳ ಹಿಂದೆ ಅವರು ಮೋಸಗಾತಿಯೆಂದು ಕರೆದಿದ್ದರು. ಆಮೇಲೆ ನಾಲ್ಕು ಡಿಸೆಂಬರ್‌ಗಳಲ್ಲಿ, ಹೊಸ ಮಕ್ಕಳ ಮುಂದೆ ಆ ಪತ್ರವನ್ನು ಎತ್ತಿ ಹಿಡಿದು, ಅಂಗಡಿಯ ಮಾಲನ್ನು ತನ್ನ ಕೆಲಸವೆಂದು ತೋರಿಸುವವರ ಗತಿ ಹೀಗೆ ಎಂದು ಪಾಠ ಹೇಳಿದ್ದರು. ಹುಡುಗಿಯ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಷ್ಟು ಸಣ್ಣ ಊರಿನಲ್ಲಿ ಹೆಸರನ್ನು ಮುಚ್ಚಿಡುವುದು ಹೇಳುವವರ ಸಮಾಧಾನಕ್ಕೆ ಮಾತ್ರ.

ಶಾಲೆಯ ಶುಭಾಶಯ ಪತ್ರ ಸ್ಪರ್ಧೆ ನಿಂತುಹೋಗಿ ಮೂರು ಮಳೆಗಾಲ ಕಳೆದಿತ್ತು. ಲಕೋಟೆಯನ್ನು ಬಗ್ಗಿಸಿದ ಕೂಡಲೇ ಎಸಳುಗಳು ಒಂದೊಂದಾಗಿ ಜಾರಿ ಮಡಿಲಿಗೆ ಬಿದ್ದವು. ತೇವಕ್ಕೆ ಅಂಟು ಸತ್ತುಹೋಗಿತ್ತು. ಉಳಿದ ಅಂಟನ್ನು ಬೆಳ್ಳಿಹುಳ ತಿಂದಿತ್ತು. ಗಿರಿಜಾಂಬಾ ಒಂದು ಎಸಳನ್ನು ಎತ್ತಿ ಹಿಂದು ಮುಂದು ಮಾಡಿ ನೋಡಿದರು. ಮೇಲೆ ಬಿಳಿಯ ಬಣ್ಣ. ಅಡಿಯಲ್ಲಿ ಪೆನ್ಸಿಲಿನಲ್ಲಿ ‘೩’ ಎಂದು ಬರೆದಿತ್ತು. ಪಕ್ಕದಲ್ಲಿ ತಪ್ಪಾಗಿ ಎಳೆದು ಅಳಿಸಿದ ಗೆರೆ. ಇನ್ನೊಂದರ ಅಡಿಯಲ್ಲಿ ‘೪ ಎಡ’. ಮತ್ತೊಂದರಲ್ಲಿ ಮಗ್ಗಿಯ ಅರ್ಧ ಸಾಲು.

ಕೆಳಪದರದ ದೊಡ್ಡ ಎಸಳೊಂದನ್ನು ತಿರುಗಿಸಿದಾಗ ಅವರ ಕೈ ನಿಂತಿತು. ಅದರ ಅಡಿಯಲ್ಲಿ ಕೆಂಪು ಶಾಯಿ ಇತ್ತು: ‘…ರಿಜಾಂಬಾ, ೧೨-೭-೯೫.’

ಮಕ್ಕಳು ನೋಟ್‌ಬುಕ್ಕಿನ ಹಾಳೆ ಹರಿದು ದೋಣಿ ಮಾಡಬಾರದೆಂದು, ವರ್ಷದ ಮೊದಲಿಗೇ ಹಾಳೆಗಳನ್ನು ಎಣಿಸಿ, ಕೊನೆಯ ರಟ್ಟಿನ ಒಳಬದಿಯಲ್ಲಿ ಸಂಖ್ಯೆ ಬರೆದು ಸಹಿ ಹಾಕುವುದು ಅವರ ಪದ್ಧತಿ. ಜಿಲ್ಲೆಯಲ್ಲಿ ಬೇರೆ ಯಾವ ಶಿಕ್ಷಕರೂ ಹಾಗೆ ಮಾಡುತ್ತಿರಲಿಲ್ಲ. ಹುಡುಗಿ ಆರನೆಯ ತರಗತಿಯಲ್ಲಿ ಬರೆದು ಮುಗಿಸಿದ ತನ್ನ ನೋಟ್‌ಬುಕ್ಕಿನ ರಟ್ಟನ್ನು ಬಿಚ್ಚಿ ಈ ಹೂವನ್ನು ಕತ್ತರಿಸಿದ್ದಳು. ಯಾವ ಕಾರ್ಖಾನೆಯೂ ಗಿರಿಜಾಂಬಾ ಅವರ ಸಹಿಯಿರುವ ರಟ್ಟಿನಿಂದ ಶುಭಾಶಯ ಪತ್ರ ಮಾಡುವುದಿಲ್ಲ.

ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಶಾಲೆಯ ಜವಾನ ಮಂಜಯ್ಯ ಕೇಳಿದ: “ಎಂತ ಟೀಚರ್, ಹುಳ ಹಿಡಿದಿತ್ತಾ?”

“ಮಂಜಯ್ಯ, ಕಾಫಿ ಹೂವಿಗೆ ಎಷ್ಟು ಎಸಳು?”

ಮಂಜಯ್ಯ ಅವರ ಮಡಿಲನ್ನು ನೋಡಿದ. ಪೊರಕೆಯನ್ನು ಗೋಡೆಗೆ ಒರಗಿಸಿದ. “ಅದು ಯಾವ ಕಾಫಿ ಅನ್ನೋದರ ಮೇಲೆ ಹೋಗ್ತದೆ ಟೀಚರ್. ನಿಮ್ಮೂರು ಅತ್ತಿಗುಂಡಿ ಕಡೆ ಎಲ್ಲ ಅರೇಬಿಕಾ, ಅದಕ್ಕೆ ಐದು. ನಮ್ಮಲ್ಲಿ ರೋಬಸ್ಟಾ. ಅದಕ್ಕೆ ಆರು ಬರ್ತದೆ.”

“ಅವತ್ತೂ ಗೊತ್ತಿತ್ತಾ ನಿನಗೆ?”

“ಗೊತ್ತಿಲ್ದೆ ಎಂತ. ಹುಟ್ಟಿದಾಗಿಂದ ಅದರ ಬುಡದಲ್ಲೇ ಇದೀನಿ.”

“ಮತ್ತೆ ಹೇಳಲಿಲ್ಲ ಯಾಕೆ?”

“ನಿಮಗೆ ಹೇಳೋದಾ?” ಎಂದ ಮಂಜಯ್ಯ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅದಕ್ಕೇ ಅದು ಗಿರಿಜಾಂಬಾ ಅವರಿಗೆ ಹೆಚ್ಚು ನಾಟಿತು.

ಆ ಸ್ಪರ್ಧೆ ಹುಟ್ಟಿದ್ದೇ ಒಂದು ಕೋಪದಿಂದ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಡಿಸೆಂಬರ್ ಬಂತೆಂದರೆ ಗೋಣಿಬೀಡಿನ ಬಸ್ ನಿಲ್ದಾಣದ ಎದುರು ಕಲ್ಲೇಶನ ‘ಸೌಮ್ಯ ಫ್ಯಾನ್ಸಿ ಸ್ಟೋರ್ಸ್’ ಮುಂದೆ ಹಗ್ಗಕ್ಕೆ ನೇತುಹಾಕಿದ ಶುಭಾಶಯ ಪತ್ರಗಳು ಗಾಳಿಗೆ ಆಡುತ್ತಿದ್ದವು. ತೆರೆದರೆ ಕೀ ಕೀ ಎಂದು ಹಾಡುವವು, ಸಿನಿಮಾ ನಟಿಯರ ಚಿತ್ರವಿದ್ದವು, ಹಿಮ ಬೀಳುವ ಯಾವುದೋ ದೇಶದ ಮನೆಯಿದ್ದವು. ಮಕ್ಕಳು ತಿಂಡಿಯ ಕಾಸನ್ನು ಅದಕ್ಕೆ ಸುರಿಯುವುದನ್ನು ಕಂಡ ಗಿರಿಜಾಂಬಾ ಅಂಗಡಿಗೇ ಹೋಗಿ ಕಲ್ಲೇಶನನ್ನು ತರಾಟೆಗೆ ತೆಗೆದುಕೊಂಡಿದ್ದರು. ಅವನು ನಕ್ಕುಬಿಟ್ಟಿದ್ದ.

“ಪ್ರೀತಿಗೆ ಒಂಚೂರು ಹೊಳಪಿದ್ರೆ ತಪ್ಪಾ ಟೀಚರ್?”

ಪ್ರೀತಿಯನ್ನು ಅಂಗಡಿಯಲ್ಲಿ ಕೊಳ್ಳಲಾಗದು ಎಂದು ನಂಬಿದ್ದ ಅವರಿಗೆ ಆ ನಗು ಅವಮಾನದಂತೆ ಕಂಡಿತು. ಮರುದಿನವೇ ಶಾಲೆಯಲ್ಲಿ ಘೋಷಿಸಿದರು: ಪ್ರತಿ ಮಗುವೂ ತನ್ನ ಕೈಯಾರೆ ಒಂದು ಶುಭಾಶಯ ಪತ್ರ ಮಾಡಿ ತರಬೇಕು, ಅಂಗಡಿಯಿಂದ ಏನನ್ನೂ ಕೊಳ್ಳಕೂಡದು, ಮನೆಯಲ್ಲಿ ಬಿದ್ದಿರುವ ವಸ್ತುವಿನಿಂದಲೇ ಆಗಬೇಕು. ಒಳ್ಳೆಯ ಉದ್ದೇಶ, ಒಳ್ಳೆಯ ನಿಯಮ. ಆದರೆ ಒಳ್ಳೆಯ ನಿಯಮ ಮಾಡಿದವರಿಗೆ ಅದನ್ನು ಯಾರಾದರೂ ಮುರಿದೇ ಮುರಿಯುತ್ತಾರೆಂಬ ಗುಮಾನಿಯೂ ಜೊತೆಗೇ ಹುಟ್ಟುತ್ತದೆ. ಯಾರು ಮುರಿಯುತ್ತಾರೆಂಬುದನ್ನು ಅವರ ಮನಸ್ಸು ಆ ದಿನವೇ ತೀರ್ಮಾನಿಸಿಬಿಟ್ಟಿತ್ತು. ಫ್ಯಾನ್ಸಿ ಸ್ಟೋರಿನ ಕಲ್ಲೇಶನ ಮಗಳು ಸೌಮ್ಯ ಏಳನೆಯ ತರಗತಿಯಲ್ಲಿದ್ದಳು.

ಉಳಿದ ಮಕ್ಕಳು ಒಣಗಿದ ಎಲೆ, ಬಳೆಚೂರು, ಬೆಂಕಿಕಡ್ಡಿ ಅಂಟಿಸಿ ತಂದರು. ಸೌಮ್ಯ ತಂದ ಹೂವು ಕಾಗದದಿಂದ ಎದ್ದು ನಿಂತಿತ್ತು. ಎಸಳಿನ ಮೇಲೆ ಎಸಳು, ಅದರ ಮೇಲೆ ಇನ್ನೂ ಚಿಕ್ಕದು. ಅಂಚುಗಳು ಅಚ್ಚಿನಲ್ಲಿ ಒತ್ತಿ ತೆಗೆದಂತೆ ನುಣುಪು. ಹನ್ನೆರಡು ವರ್ಷದ ಕೈಯಿಂದ ಇದು ಸಾಧ್ಯವಿಲ್ಲವೆಂದು ಗಿರಿಜಾಂಬಾ ನಿರ್ಧರಿಸಿದರು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಅವಳನ್ನು ಶಾಲೆಯ ಮೆಟ್ಟಿಲ ಮೇಲಕ್ಕೆ ಕರೆದರು.

“ಇದನ್ನು ಮಾಡಿದ್ದು ನೀನಾ, ನಿಮ್ಮಪ್ಪನ ಅಂಗಡಿಯಾ?”

ಮಕ್ಕಳು ನಕ್ಕರು.

“ನಾನೇ ಟೀಚರ್. ರಟ್ಟಲ್ಲಿ ಮಾಡಿದ್ದು.”

“ಇದು ಯಾವ ಹೂವು?”

“ಕಾಫಿ ಹೂವು.”

“ಕಾಫಿ ಹೂವಿಗೆ ಎಷ್ಟು ಎಸಳು?”

“ಆರು ಟೀಚರ್.”

ಗಿರಿಜಾಂಬಾ ಸಾಲುಗಳ ಕಡೆ ತಿರುಗಿದರು. ಹಿಂದಿನ ವಾರವಷ್ಟೇ ಕಾಫಿ ಹೂವನ್ನೇ ಉದಾಹರಣೆಯಾಗಿಟ್ಟು ಹೂವಿನ ಭಾಗಗಳ ಪಾಠ ಮಾಡಿದ್ದರು. “ಎಲ್ಲರೂ ಹೇಳಿ, ಎಷ್ಟು?”

ರೋಬಸ್ಟಾ ತೋಟಗಳ ನಡುವೆ ಹುಟ್ಟಿ ಬೆಳೆದ, ಪ್ರತಿ ಬೇಸಗೆಯಲ್ಲೂ ಆ ಹೂವನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡಿದ ನೂರಾ ನಲವತ್ತು ಮಕ್ಕಳು ಒಂದೇ ದನಿಯಲ್ಲಿ “ಐದು” ಎಂದರು.

ಆ ದನಿ ಅವರಿಗೆ ಅಂದು ಎಷ್ಟು ಹಿತವಾಗಿತ್ತೆಂಬುದನ್ನು ನೆನೆದರೆ ಈಗ ಮೈ ಕುಗ್ಗುತ್ತಿತ್ತು. ಮಕ್ಕಳು ತಾವು ಕಣ್ಣಾರೆ ಕಂಡದ್ದನ್ನು ಬಿಟ್ಟು ಮೇಷ್ಟರು ಹೇಳಿದ್ದನ್ನು ಹೇಳುವಂತೆ ಮಾಡುವುದು ವಿದ್ಯೆಯಲ್ಲ, ಬೆದರಿಕೆ. ಅದನ್ನು ಇಪ್ಪತ್ತೆರಡು ವರ್ಷ ಶಿಸ್ತು ಎಂದು ಕರೆದು, ಅದಕ್ಕಾಗಿ ತಾಲ್ಲೂಕು ಮಟ್ಟದಲ್ಲಿ ಶಾಲನ್ನೂ ಹೊದಿಸಿಕೊಂಡಿದ್ದರು.

“ನಮ್ಮನೆ ಹಿಂದಿನ ಗಿಡದಲ್ಲಿ ಆರಿರ್ತದೆ ಟೀಚರ್. ಹೂವಾದಾಗ ತೋರಿಸ್ತೀನಿ,” ಎಂದಿದ್ದಳು ಹುಡುಗಿ.

“ಡಿಸೆಂಬರಿನಲ್ಲಿ ಹೂವಿಲ್ಲ ಅಂತ ಚೆನ್ನಾಗಿ ಗೊತ್ತಿದೆ ನಿನಗೆ.”

“ಹಾಗಾದ್ರೆ ನಿಮ್ಮೆದುರಿಗೇ ಇನ್ನೊಂದು ಮಾಡ್ಲಾ?”

“ಸುಳ್ಳು ಹೇಳಿದವರಿಗೆ ಈ ಶಾಲೆಯಲ್ಲಿ ಎರಡನೇ ಅವಕಾಶ ಇಲ್ಲ.”

ಮೂರು ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಸೌಮ್ಯ ಆ ಪತ್ರವನ್ನು ಎದೆಯ ಮುಂದೆ ಹಿಡಿದು ನಿಂತಳು. ನಾಲ್ಕನೆಯ ದಿನ ಕಲ್ಲೇಶ ಶಾಲೆಗೆ ಬಂದ. “ನನ್ನ ಮಗಳು ಹದಿನೈದು ದಿನ ಕೂತು ಮಾಡಿದ್ದು ಟೀಚರ್, ನಾನು ನೋಡಿದೀನಿ,” ಎಂದ. “ವ್ಯಾಪಾರಿಯ ಸಾಕ್ಷಿ ನನಗೆ ಬೇಡ,” ಎಂದರು ಗಿರಿಜಾಂಬಾ. ಅವನು ಅಂದು ನಗಲಿಲ್ಲ.

ಲಕೋಟೆ ಸಿಕ್ಕ ಮುಂದಿನ ತಿಂಗಳು, ಮಾರ್ಚ್ ಮೊದಲ ವಾರದ ಒಂದು ಸಂಜೆ, ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬಿತ್ತು. ಅದಾದ ಎಂಟನೆಯ ಬೆಳಿಗ್ಗೆ ಶಾಲೆಯ ಬೇಲಿಯಾಚೆಯ ತೋಟವೆಲ್ಲ ಬೆಳ್ಳಗಾಗಿ, ಪ್ರಾರ್ಥನೆಯ ಅಂಗಳದ ತುಂಬ ಅದರ ಗಂಧ ತುಂಬಿತು. ಗಿರಿಜಾಂಬಾ ಬೇಲಿಯ ಬಳಿ ಹೋಗಿ ಒಂದು ರೆಂಬೆಯನ್ನು ಬಗ್ಗಿಸಿಕೊಂಡು ಎಣಿಸಿದರು. ಹೆಚ್ಚಿನ ಹೂವಿಗೆ ಆರು ಎಸಳು. ಕೆಲವಕ್ಕೆ ಐದು. ಒಂದೆರಡಕ್ಕೆ ಏಳೂ ಇದ್ದವು. ಇಪ್ಪತ್ತೆರಡು ಬೇಸಗೆ ಈ ಬೇಲಿಯ ಪಕ್ಕದಲ್ಲೇ ನಡೆದು ಹೋಗಿದ್ದರು. ಒಂದು ದಿನವೂ ನಿಂತು ಎಣಿಸಿರಲಿಲ್ಲ. ಗೊತ್ತಿದೆ ಎಂದುಕೊಂಡದ್ದನ್ನು ಯಾರು ಎಣಿಸುತ್ತಾರೆ?

ತಪ್ಪೊಪ್ಪಿಕೊಳ್ಳಬೇಕು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಎಲ್ಲರೆದುರು ಮಾಡಿದ ಅನ್ಯಾಯವನ್ನು ಎಲ್ಲರೆದುರೇ ಸರಿಪಡಿಸಬೇಕು. ಮಾರ್ಚ್ ಮೂವತ್ತೊಂದು ತಮ್ಮ ಕೊನೆಯ ದಿನ. ಅಂದಿನ ಪ್ರಾರ್ಥನೆಗೆ ಸೌಮ್ಯಳನ್ನು ಕರೆಸಿ, ಅದೇ ಮೆಟ್ಟಿಲ ಮೇಲೆ ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡು ಕ್ಷಮೆ ಕೇಳಬೇಕು. ಅವಳ ಮೇಲಿನ ಕಳಂಕವನ್ನು ತೆಗೆಯದೆ ಆ ಶಾಲೆಯಿಂದ ಹೊರಡುವುದು ಅವರಿಗೆ ಸಾಧ್ಯವಿರಲಿಲ್ಲ. ಕರೆಯುವುದಕ್ಕೆ ಬರಿಗೈಯಲ್ಲಿ ಹೋಗಬಾರದು. ಅಂಗಡಿಯ ಪತ್ರವಂತೂ ಒಯ್ಯುವಂತಿಲ್ಲ. ಹಾಗಾಗಿ ಐವತ್ತೆಂಟರ ವಯಸ್ಸಿನಲ್ಲಿ ಗಿರಿಜಾಂಬಾ ಹಳೆಯ ನೋಟ್‌ಬುಕ್ಕುಗಳ ರಟ್ಟು ಬಿಚ್ಚಿ, ಕತ್ತರಿ ಹಿಡಿದು ಕುಳಿತರು.

ಮೊದಲ ದಿನವೇ ಕತ್ತರಿ ಸೋತಿತು. ರಟ್ಟು ಕತ್ತರಿಗೆ ಬಗ್ಗದು. ಬಗ್ಗಿದರೆ ಮಧ್ಯದಲ್ಲಿ ಸುಕ್ಕು ಬೀಳುತ್ತದೆ. ಶೇವಿಂಗ್ ಬ್ಲೇಡಿನ ಅರ್ಧ ತುಂಡಿಗೆ ಬಟ್ಟೆ ಸುತ್ತಿ, ಮಣೆಯ ಮೇಲಿಟ್ಟು, ಒಂದೇ ಗೆರೆಯ ಮೇಲೆ ನಾಲ್ಕೈದು ಸಲ ಎಳೆದರೆ ಎಸಳಿನ ಒಂದು ಬದಿ ಬಿಡುತ್ತಿತ್ತು. ಎರಡನೆಯ ದಿನ ಹೆಬ್ಬೆರಳು ಕುಯ್ದುಕೊಂಡರು. ಮೇಲಿನ ಪದರದ ಎಸಳನ್ನು ಕೆಳಗಿನದರ ನೆತ್ತಿಯ ಮೇಲೇ ಕೂರಿಸಿದರೆ ಹೂವು ಕಂಬದಂತೆ ಕಾಣುತ್ತದೆ. ಎರಡು ಎಸಳುಗಳ ಸಂದಿಗೆ ಬರುವಂತೆ ತಿರುಗಿಸಬೇಕು. ಇದು ತಿಳಿಯಲು ಒಂದು ಹೂವು ಪೂರಾ ಹಾಳಾಯಿತು. ಪದರಗಳ ನಡುವೆ ಬೇಳೆಯಷ್ಟು ಚಿಕ್ಕ ರಟ್ಟಿನ ತುಣುಕುಗಳನ್ನು ಇಟ್ಟರೆ ಮಾತ್ರ ಹೂವು ಉಸಿರೆಳೆದಂತೆ ಮೇಲೇಳುತ್ತದೆ ಎಂಬುದನ್ನು ಸೌಮ್ಯಳ ಹಳೆಯ ಹೂವಿನ ಚೂರುಗಳನ್ನು ಮುಂದಿಟ್ಟುಕೊಂಡೇ ಕಲಿತರು. ‘೪ ಎಡ’ ಎಂದರೆ ನಾಲ್ಕನೆಯ ಎಸಳನ್ನು ಎಡಕ್ಕೆ ತಿರುಗಿಸಿ ಕೂರಿಸಬೇಕೆಂದು ಆಗ ಅರ್ಥವಾಯಿತು.

ಅಂಟಿಗೆ ಮೈದಾ ಕುದಿಸಿ, ಹುಳ ಬೀಳದಂತೆ ಚಿಟಿಕೆ ಮೈಲುತುತ್ತ ಹಾಕಿದರು. ತೋಟಕ್ಕೆ ಔಷಧಿ ಹೊಡೆಯಲು ತಂದಿಟ್ಟಿದ್ದರಲ್ಲಿ ಮಂಜಯ್ಯ ಒಂದು ಪೊಟ್ಟಣ ಕೊಟ್ಟಿದ್ದ. ಅಂದು ಹುಡುಗಿಗೆ ಈ ಮೈಲುತುತ್ತದ ಉಪಾಯ ಗೊತ್ತಿದ್ದರೆ ಅವಳ ಅಂಟು ಬಿಡುತ್ತಿರಲಿಲ್ಲ, ತಮಗೆ ಸತ್ಯವೂ ತಿಳಿಯುತ್ತಿರಲಿಲ್ಲ ಎಂಬ ಯೋಚನೆ ಬಂದು ಅವರು ಸೌಟನ್ನು ಕೆಳಗಿಟ್ಟರು.

ಬಿಳಿಯ ಬಣ್ಣಕ್ಕೆ ಮಕ್ಕಳ ಕ್ಯಾನ್ವಾಸ್ ಶೂಗೆ ಹಚ್ಚುವ ಪಾಲಿಶ್. ಅದೂ ಹಳೆಯ ಚೂರನ್ನು ಮೂಸಿ ನೋಡಿ ಕಂಡುಕೊಂಡದ್ದು. ಒಂಬತ್ತು ದಿನವಾಯಿತು. ಒಂದು ಮಾತ್ರ ಕೊನೆಗೂ ಬರಲಿಲ್ಲ: ಅಂಚಿನ ನುಣುಪು. ಬ್ಲೇಡು ಎಷ್ಟು ಹರಿತವಿದ್ದರೂ ರಟ್ಟಿನ ಅಂಚಿನಲ್ಲಿ ನಾರು ಎದ್ದು, ಎಸಳುಗಳು ಗಡ್ಡ ಬಿಟ್ಟಂತೆ ಕಾಣುತ್ತಿದ್ದವು. ಒಳಗೆ ನೀಲಿ ಶಾಯಿಯಲ್ಲಿ ಬರೆದರು; ಕೆಂಪು ಪೆನ್ನನ್ನು ಮುಟ್ಟಲಿಲ್ಲ. ‘ಸೌಮ್ಯಳಿಗೆ. ಆ ಹೂವನ್ನು ಮಾಡಿದ್ದು ನೀನೇ. ಸುಳ್ಳು ಹೇಳಿದ್ದು ನಾನು. ಗಿರಿಜಾಂಬಾ.’

ಕಲ್ಲೇಶನ ಅಂಗಡಿಯ ಹಗ್ಗದಲ್ಲಿ ಈಗ ಪತ್ರಗಳಿರಲಿಲ್ಲ. ಶ್ಯಾಂಪೂ ಪೊಟ್ಟಣಗಳ ಸರಗಳಿದ್ದವು. ಕಲ್ಲೇಶನ ತಲೆ ನೆರೆತಿತ್ತು.

“ಬನ್ನಿ ಟೀಚರ್. ಗ್ರೀಟಿಂಗ್ ಕಾರ್ಡ್ ನಿಲ್ಲಿಸ್ಬೇಕು ಅಂತ ಬಂದ್ರಾ? ಅದು ತಾನಾಗೇ ನಿಂತಿತು ಬಿಡಿ. ಈಗ ಎಲ್ಲ ಫೋನಲ್ಲೇ ಹೇಳಿ ಮುಗಿಸ್ತಾರೆ.”

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಸೌಮ್ಯ ಕುಳಿತಿದ್ದಳು. ಪಿಯುಸಿ ಮುಗಿಸಿ ಅಂಗಡಿ ನೋಡಿಕೊಳ್ಳುತ್ತಿದ್ದಾಳೆಂದು ಮಂಜಯ್ಯ ಹೇಳಿದ್ದ. ಗಿರಿಜಾಂಬಾ ಬಾಯಿ ತೆರೆಯುವ ಮೊದಲೇ ಒಬ್ಬ ಹೆಂಗಸು ಬಂದು ಗಡಿಯಾರವೊಂದನ್ನು ಕೊಂಡು, ಮದುವೆ ಉಡುಗೊರೆ, ಚೆನ್ನಾಗಿ ಪ್ಯಾಕ್ ಮಾಡಿಕೊಡು ಎಂದಳು. ಸೌಮ್ಯ ಬಣ್ಣದ ಕಾಗದವನ್ನೂ ಕತ್ತರಿಯನ್ನೂ ತಂದೆಯ ಕಡೆ ಸರಿಸಿದಳು.

“ಪ್ಯಾಕಿಂಗ್ ಅಪ್ಪ ಮಾಡ್ತಾರೆ. ನನಗೆ ಬರಲ್ಲ.”

ಕಲ್ಲೇಶನ ದಪ್ಪ ಬೆರಳುಗಳು ಮೂಲೆಯನ್ನು ವಕ್ರವಾಗಿ ಮಡಿಸಿದವು. ಸೌಮ್ಯ ಬೇರೆ ಕಡೆ ನೋಡುತ್ತಿದ್ದಳು. ಒಂಬತ್ತು ದಿನದಲ್ಲಿ ತಾವು ಕಲಿತ ಎಲ್ಲಕ್ಕಿಂತ ಆ ಒಂದು ಮಾತಿನಿಂದ ಗಿರಿಜಾಂಬಾ ಹೆಚ್ಚು ತಿಳಿದುಕೊಂಡರು.

ಹೆಂಗಸು ಹೋದ ಮೇಲೆ ಅವರು ಪತ್ರವನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟರು. ಪಕ್ಕದಲ್ಲಿ ಹಳೆಯ ಎಸಳುಗಳ ಲಕೋಟೆ. ಕೆಂಪು ಅಕ್ಷರದ ಚೀಟಿಯನ್ನು ಕಿತ್ತು ಹಾಕಿದ್ದರು. ಅದರ ಅಂಟಿನ ಗುರುತು ಮಾತ್ರ ಉಳಿದಿತ್ತು. ಸೌಮ್ಯ ಒಳಗಿನ ಬರಹವನ್ನು ಓದಿದಳು. ಆಮೇಲೆ ಹೂವಿನ ಅಂಚಿನ ಮೇಲೆ ಉಗುರು ಆಡಿಸಿದಳು.

“ಗರಗತ್ತಿ ಎಲೆ ಹಾಕಿ ಉಜ್ಜಲಿಲ್ವಾ?”

“ಯಾವ ಎಲೆ?”

“ಗರಗತ್ತಿ. ಬೇಲೀಲಿ ಇರ್ತದಲ್ಲ, ಬೆಕ್ಕಿನ ನಾಲಿಗೆ ಥರ ಒರಟು ಎಲೆ. ಆಚಾರಿಗಳು ಮರ ನುಣುಪು ಮಾಡೋದು ಅದರಲ್ಲೇ. ನಾಲ್ಕು ಸಲ ಉಜ್ಜಿದ್ರೆ ನಾರೆಲ್ಲ ಹೋಗ್ತದೆ.”

“ನನಗೆ ಗೊತ್ತಿರಲಿಲ್ಲ.”

“ಅವತ್ತು ಕೇಳಿದ್ರೆ ಹೇಳ್ತಿದ್ದೆ ಟೀಚರ್.”

ಕಲ್ಲೇಶ ಸೆಲ್ಲೋಟೇಪಿನ ತುದಿ ಹುಡುಕುತ್ತಿದ್ದವನು ಹುಡುಕುವುದನ್ನು ನಿಲ್ಲಿಸಿದ.

ಗಿರಿಜಾಂಬಾ ತಾವು ಬಂದ ಕಾರಣ ಹೇಳಿದರು. ಮೂವತ್ತೊಂದರ ಬೆಳಿಗ್ಗೆ, ಪ್ರಾರ್ಥನೆಯ ಹೊತ್ತಿಗೆ, ಅದೇ ಮೆಟ್ಟಿಲ ಮೇಲೆ. “ನಾನು ಎಲ್ಲರೆದುರಿಗೂ ಹೇಳಬೇಕು ಸೌಮ್ಯ. ನೀನು ಬರಬೇಕು.”

“ಎಲ್ಲರೂ ಅಂದ್ರೆ ಯಾರು?” ಸೌಮ್ಯಳ ದನಿ ಮೆತ್ತಗೇ ಇತ್ತು. “ಅವತ್ತು ನಕ್ಕವರಲ್ಲಿ ರೂಪಶ್ರೀ ಕಳಸಕ್ಕೆ ಮದುವೆಯಾಗಿ ಹೋದ್ಲು. ರಾಜೇಶ ಬಾಳೂರಲ್ಲಿ ಜೀಪ್ ಓಡಿಸ್ತಾನೆ. ಈಗಲೂ ಅಂಗಡಿಗೆ ಬಂದ್ರೆ, ಇದು ನೀನೇ ಮಾಡಿದ್ದಾ ಮಾರಾಯ್ತಿ ಅಂತ ಸೋಪಿನ ಡಬ್ಬ ತೋರಿಸಿ ಕೇಳ್ತಾನೆ. ಅವರನ್ನೆಲ್ಲ ಕರೆಸ್ತೀರಾ ಟೀಚರ್? ಈಗಿರೋ ಮಕ್ಕಳಿಗೆ ನಾನು ಯಾರು?”

ಜೀವಮಾನವಿಡೀ ತರಗತಿಯಲ್ಲಿ ಉತ್ತರವಿಲ್ಲದೆ ನಿಂತ ಮಕ್ಕಳನ್ನು ಗಿರಿಜಾಂಬಾ ನಿಲ್ಲಿಸಿಯೇ ಇಟ್ಟಿದ್ದರು. ಸೌಮ್ಯ ಅವರನ್ನು ಹಾಗೆ ನಿಲ್ಲಿಸಲಿಲ್ಲ.

“ಇದನ್ನ ಇಟ್ಕೋತೀನಿ,” ಎಂದು ಹೊಸ ಪತ್ರವನ್ನು ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಗೆ ಸೇರಿಸಿದಳು. ಲಕೋಟೆಯನ್ನು ಹಿಂದಕ್ಕೆ ಸರಿಸಿದಳು. “ಅದು ನಿಮ್ಮ ಹತ್ತಿರಾನೇ ಇರಲಿ. ಬಸ್ಸು ಬಂತು ನೋಡಿ.”

ಮೂವತ್ತೊಂದರಂದು ಹಾರ, ಹಣ್ಣಿನ ಬುಟ್ಟಿ, ಹಿತ್ತಾಳೆಯ ದೀಪ ಎಲ್ಲವೂ ಬಂದವು. ಬೀಳ್ಕೊಡುಗೆಯ ಮಾತಿಗೆ ಎದ್ದ ಗಿರಿಜಾಂಬಾ ರಸ್ತೆಯ ಕಡೆ ಒಮ್ಮೆ ನೋಡಿ, ಯಾರೂ ಬರುತ್ತಿಲ್ಲವೆಂದು ಖಚಿತವಾದ ಮೇಲೆ, ಇಡೀ ಕಥೆಯನ್ನು ಹೇಳಿದರು. ಹುಡುಗಿಯ ಹೆಸರನ್ನು ಈ ಸಲ ಸ್ಪಷ್ಟವಾಗಿ ಹೇಳಿದರು. ತಮ್ಮ ಹೆಸರನ್ನೂ ಹೇಳಿದರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಅವರಲ್ಲಿ ಅತ್ಯಂತ ದೊಡ್ಡವರು ಆ ಡಿಸೆಂಬರಿನಲ್ಲಿ ಐದು ವರ್ಷದವರಾಗಿದ್ದರು.

“ಕಾಫಿ ಹೂವಿಗೆ ಎಷ್ಟು ಎಸಳು?” ಎಂದು ಕೊನೆಗೆ ಕೇಳಿದರು.

“ಆರು,” ಎಂದಿತು ಇಡೀ ಶಾಲೆ ಒಂದೇ ದನಿಯಲ್ಲಿ. ಒಬ್ಬರೂ ಬೇಲಿಯ ಕಡೆ ತಿರುಗಿ ನೋಡಲಿಲ್ಲ.

ಆಮೇಲೆ, ಯಾವ ಭಾಷಣ ಮುಗಿದರೂ ಮಾಡಬೇಕೆಂದು ಅವರೇ ಕಲಿಸಿದ್ದಂತೆ, ಮಕ್ಕಳು ಚಪ್ಪಾಳೆ ತಟ್ಟಿದರು. ಜೊತೆಯ ಶಿಕ್ಷಕರೂ ತಟ್ಟಿದರು; ಒಬ್ಬರು ಎಂಥ ದೊಡ್ಡ ಮನಸ್ಸು ಎಂದು ಪಕ್ಕದವರ ಕಿವಿಯಲ್ಲಿ ಹೇಳಿದ್ದು ಕೇಳಿಸಿತು. ಶಿಕ್ಷೆ ಬೇಡಿ ನಿಂತವರಿಗೆ ಪ್ರಶಂಸೆ ಸಿಕ್ಕಿತು. ಅದನ್ನು ತಡೆಯುವ ದಾರಿ ಅವರಿಗೆ ತಿಳಿಯಲಿಲ್ಲ. ಚಪ್ಪಾಳೆ ತಟ್ಟದೆ ನೆಲ ನೋಡುತ್ತಿದ್ದವನು ಮಂಜಯ್ಯ ಒಬ್ಬನೇ.

ಸಂಜೆ ಬೀರುವಿನ ಬೀಗದ ಕೈ ಒಪ್ಪಿಸಿ ಹೊರಟಾಗ ಅವನು ಸುದ್ದಿಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಅವರ ಕೈಯಲ್ಲಿಟ್ಟ. “ಫ್ಯಾನ್ಸಿ ಸ್ಟೋರಿನ ಹುಡುಗಿ ಕೊಟ್ಟು ಕಳಿಸಿದ್ದು ಟೀಚರ್.”

“ಏನಾದರೂ ಹೇಳಿದಳಾ?”

“ಎಂತದೂ ಹೇಳಲಿಲ್ಲ.”

ಮನೆಗೆ ಹೋಗಿ ಬಿಚ್ಚಿದರು. ಹತ್ತು ಹನ್ನೆರಡು ಹಸಿ ಎಲೆಗಳು. ಮುಟ್ಟಿದರೆ ಬೆರಳ ತುದಿ ಜುಮ್ಮೆನ್ನುವಷ್ಟು ಒರಟು. ಚೀಟಿ ಇರಲಿಲ್ಲ. ಇದು ಕ್ಷಮೆಯೋ, ಅಥವಾ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಗಿಸಿ ಎಂಬ ಆದೇಶವೋ ಅವರಿಗೆ ತಿಳಿಯಲಿಲ್ಲ. ತಮಗೆ ಅನುಕೂಲವಾದ ಅರ್ಥವನ್ನು ಆರಿಸಿಕೊಳ್ಳುವುದು ಸರಿಯಲ್ಲ ಎಂದುಕೊಂಡರು.

ಹೊಸ ಪತ್ರಕ್ಕೆ ಬಳಸದೆ ಉಳಿದ ಒಂದು ಎಸಳು ಮಣೆಯ ಮೇಲೆ ಇನ್ನೂ ಬಿದ್ದಿತ್ತು. ಗಿರಿಜಾಂಬಾ ಅದನ್ನೆತ್ತಿ, ಎಲೆಯನ್ನು ಮಡಿಸಿ, ಅಂಚಿಗೆ ಹಿಡಿದು ಉಜ್ಜಿದರು. ನಾಲ್ಕು ಸಲ. ನಾರು ಉದುರಿ, ಅಂಚು ಅಚ್ಚಿನಲ್ಲಿ ಒತ್ತಿ ತೆಗೆದಂತೆ ನುಣುಪಾಯಿತು. ಒಂದು ನಿಮಿಷವೂ ಹಿಡಿಯಲಿಲ್ಲ. ತೊಂಬತ್ತಾರರ ಆ ಬೆಳಿಗ್ಗೆ, ಪ್ರಾರ್ಥನೆ ಮುಗಿದು ಮೊದಲ ಗಂಟೆ ಹೊಡೆಯುವ ಮೊದಲು, ಅವರ ಕೈಯಲ್ಲಿ ಪೂರಾ ಕಾಲು ಗಂಟೆ ಇತ್ತು.